ಗೇಮಿಂಗ್ ಕಂಪ್ಯೂಟರಿಗೆ ಮಿತವ್ಯಯದಲ್ಲಿ ಹೊಸ ಪ್ರೊಸೆಸರ್: ಅಳತೆಯಿಂದ ಅಳವಡಿಕೆಯವರೆಗೆ

ಹೊಸ ಪ್ರೊಸೆಸರ್ ಕೊಂಡವರು ಸಾಮಾನ್ಯವಾಗಿ ಎರಡು ಕಡೆ ಎಡವುತ್ತಾರೆ. ಕೆಲವರ ಕಂಪ್ಯೂಟರ್ ಹೊಸ ಚಿಪ್ಪನ್ನು ಗುರುತಿಸುವುದೇ ಇಲ್ಲ; ಇನ್ನು ಕೆಲವರದು ಗುರುತಿಸುತ್ತದೆ, ಆದರೆ ಆಟ ಮಾತ್ರ ಹಿಂದಿನ ವೇಗದಲ್ಲೇ ನಡೆಯುತ್ತದೆ. ಎರಡಕ್ಕೂ ಮೂಲ ಒಂದೇ, ಕೆಲಸದ ಕ್ರಮ ತಲೆಕೆಳಗಾಗಿರುವುದು. ಯಾವ ಪ್ರೊಸೆಸರ್ ಒಳ್ಳೆಯದು ಎಂಬ ಪ್ರಶ್ನೆಯಿಂದ ಹುಡುಕಾಟ ಆರಂಭಿಸಬಾರದು. ತೊಡಕು ಎಲ್ಲಿದೆಯೆಂದು ಮೊದಲು ಅಳೆಯಬೇಕು, ಈಗಿರುವ ಮದರ್‌ಬೋರ್ಡ್ ಯಾವುದನ್ನು ಒಪ್ಪುತ್ತದೆಯೆಂದು ಆಮೇಲೆ ನೋಡಬೇಕು, ಮಾದರಿಗಳ ಹೆಸರಿಗೆ ಬರಬೇಕಾದದ್ದು ಅದಾದ ನಂತರ. ಮೊದಲ ಎರಡು ಹಂತ ಮುಗಿಯುವಷ್ಟರಲ್ಲೇ ಖರ್ಚಿನ ಅಗತ್ಯವಿಲ್ಲವೆಂದು ತಿಳಿದರೆ ಅಲ್ಲಿಗೇ ನಿಲ್ಲಿಸಿ.

ಬೇಕಾಗುವ ಸಾಧನಗಳು

ಅಳೆಯಲು ಎಂಎಸ್‌ಐ ಆಫ್ಟರ್‌ಬರ್ನರ್ ಮತ್ತು ಅದರೊಂದಿಗೆ ಬರುವ ರಿವಾಟ್ಯೂನರ್ ಸಾಕು. ಆಟದ ಪರದೆಯ ಮೂಲೆಯಲ್ಲೇ ಅವು ಅಂಕಿಗಳನ್ನು ತೋರಿಸುತ್ತವೆ. ಬೋರ್ಡಿನ ಮತ್ತು ರ‍್ಯಾಮಿನ ವಿವರಕ್ಕೆ ಸಿಪಿಯು-ಝಡ್, ತಾಪಮಾನಕ್ಕೆ ಎಚ್‌ಡಬ್ಲ್ಯುಇನ್ಫೋ ಬೇಕು. ಇವೆಲ್ಲ ಉಚಿತವಾಗಿ ಸಿಗುತ್ತವೆ. ಅಳವಡಿಸುವ ದಿನಕ್ಕೆ ಒಂದು ಫಿಲಿಪ್ಸ್ ಸ್ಕ್ರೂಡ್ರೈವರ್, ಥರ್ಮಲ್ ಪೇಸ್ಟ್ (ಪ್ರೊಸೆಸರಿನ ಶಾಖವನ್ನು ಕೂಲರಿಗೆ ದಾಟಿಸುವ ಲೇಪ), ಹಳೆಯ ಪೇಸ್ಟ್ ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್, ನೂಲು ಬಿಡದ ಬಟ್ಟೆ ಮತ್ತು ಒಂದು ಪೆನ್‌ಡ್ರೈವ್ ಸಿದ್ಧವಿರಲಿ.

ಹಂತ 1: ತೊಡಕು ಪ್ರೊಸೆಸರಿನಲ್ಲೇ ಇದೆಯೇ ಎಂದು ಅಳೆಯಿರಿ

ಪರದೆಯ ಮೇಲೆ ಮೂಡುವ ಪ್ರತಿಯೊಂದು ಚಿತ್ರಕ್ಕೂ, ಅಂದರೆ ಫ್ರೇಮಿಗೂ, ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಕೆಲಸ ಮಾಡುತ್ತವೆ. ಸೆಕೆಂಡಿಗೆ 60 ಫ್ರೇಮ್ ಬೇಕಾದರೆ ಒಂದೊಂದು ಫ್ರೇಮೂ ಸುಮಾರು 16.7 ಮಿಲಿಸೆಕೆಂಡಿನೊಳಗೆ ಮುಗಿಯಬೇಕು. 144 ಬೇಕಾದರೆ ಸಿಗುವ ಅವಧಿ ಸುಮಾರು 6.9 ಮಿಲಿಸೆಕೆಂಡ್. ಎರಡರಲ್ಲಿ ಯಾವುದು ನಿಧಾನವೋ ಅದೇ ಕೊನೆಯ ವೇಗವನ್ನು ನಿರ್ಧರಿಸುತ್ತದೆ. ಆದ್ದರಿಂದ ಗ್ರಾಫಿಕ್ಸ್ ಕಾರ್ಡ್ ನಿಧಾನವಾಗಿರುವ ಕಂಪ್ಯೂಟರಿಗೆ ಎಷ್ಟೇ ದೊಡ್ಡ ಪ್ರೊಸೆಸರ್ ಹಾಕಿದರೂ ಸರಾಸರಿ ಫ್ರೇಮ್ ದರ ಹೆಚ್ಚೇನೂ ಏರುವುದಿಲ್ಲ.

ಅಳೆಯುವ ಮೊದಲು ವಿ-ಸಿಂಕ್ (ಫ್ರೇಮುಗಳನ್ನು ಮಾನಿಟರಿನ ವೇಗಕ್ಕೆ ಹೊಂದಿಸುವುದು), ಫ್ರೇಮ್ ಮಿತಿ ಮತ್ತು ಫ್ರೇಮ್ ಜನರೇಷನ್ (ನಡುವೆ ಕೃತಕ ಫ್ರೇಮುಗಳನ್ನು ಸೇರಿಸುವುದು) ಮೂರನ್ನೂ ಆಫ್ ಮಾಡಿಡಿ. ಇವುಗಳಲ್ಲಿ ಒಂದು ಚಾಲ್ತಿಯಲ್ಲಿದ್ದರೂ ಅಂಕಿಗಳು ದಾರಿ ತಪ್ಪಿಸುತ್ತವೆ. ನೀವು ನಿಜವಾಗಿ ಆಡುವ ಆಟವನ್ನು, ನಿಜವಾಗಿ ಬಳಸುವ ರೆಸಲ್ಯೂಷನ್ನಿನಲ್ಲಿ ತೆರೆಯಿರಿ. ಆಟದಲ್ಲಿ ಎಲ್ಲಿ ತಡವರಿಕೆ ಕಾಣುತ್ತದೆಯೋ ಆ ಸ್ಥಳಕ್ಕೇ ಹೋಗಿ ನಿಲ್ಲಿ. ಜನಸಂದಣಿಯ ಪೇಟೆಬೀದಿ, ಹತ್ತಾರು ಆಟಗಾರರು ಒಟ್ಟಿಗೆ ಸೇರುವ ಕಾಳಗ, ತುಂಬಿ ಬೆಳೆದ ನಗರ, ಇಂಥಲ್ಲೇ ಪ್ರೊಸೆಸರಿನ ಭಾರ ಹೆಚ್ಚು. ಖಾಲಿ ಬಯಲಿನಲ್ಲಿ ನಿಂತು ಅಳೆದರೆ ಎಲ್ಲ ಪ್ರೊಸೆಸರುಗಳೂ ಒಂದೇ ರೀತಿ ಕಾಣುತ್ತವೆ.

ಈಗ ಗ್ರಾಫಿಕ್ಸ್ ಕಾರ್ಡಿನ ಬಳಕೆಯನ್ನು ನೋಡಿ. ಅದು 97ರಿಂದ 99 ಪ್ರತಿಶತದಲ್ಲೇ ನಿಂತಿದ್ದರೆ ಮಿತಿ ಕಾರ್ಡಿನದು. ಪ್ರೊಸೆಸರ್ ಕೊಳ್ಳುವ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ. ಅದು ಮತ್ತೆ ಮತ್ತೆ 60, 70 ಪ್ರತಿಶತಕ್ಕೆ ಇಳಿಯುತ್ತಿದ್ದು, ಅದೇ ಹೊತ್ತಿಗೆ ಫ್ರೇಮ್ ದರವೂ ಕುಸಿಯುತ್ತಿದ್ದರೆ ಕಾರ್ಡು ಕೆಲಸಕ್ಕಾಗಿ ಕಾಯುತ್ತಿದೆ ಎಂದು ತಿಳಿಯಬಹುದು. ಇದನ್ನು ದೃಢಪಡಿಸಿಕೊಳ್ಳಲು ರೆಸಲ್ಯೂಷನ್ನನ್ನು 720ಪಿಗೆ ಇಳಿಸಿ ಅದೇ ಸ್ಥಳದಲ್ಲಿ ಮತ್ತೆ ನೋಡಿ. ಫ್ರೇಮ್ ದರ ಚೆನ್ನಾಗಿ ಏರಿದರೆ ಮಿತಿ ಕಾರ್ಡಿನದು. ಹೆಚ್ಚುಕಡಿಮೆ ಅಷ್ಟರಲ್ಲೇ ಉಳಿದರೆ ಮಿತಿ ಪ್ರೊಸೆಸರಿನದು, ಇಲ್ಲವೇ ಅದಕ್ಕೆ ಮಾಹಿತಿ ಒದಗಿಸುವ ರ‍್ಯಾಮಿನದು.

ಈ 720ಪಿ ಅಂಕಿಯನ್ನು ಬರೆದಿಟ್ಟುಕೊಳ್ಳಿ, ಏಕೆಂದರೆ ಆ ಆಟದಲ್ಲಿ ನಿಮ್ಮ ಈಗಿನ ಪ್ರೊಸೆಸರ್ ಮುಟ್ಟಬಲ್ಲ ಮೇಲ್ಮಿತಿ ಹೆಚ್ಚುಕಡಿಮೆ ಅದೇ. ನಿಮ್ಮ ಮಾನಿಟರ್ 60 ಹರ್ಟ್ಸಿನದಾಗಿದ್ದು ಆ ಮೇಲ್ಮಿತಿ 110 ಬಂದರೆ ನಿಮಗೆ ಪ್ರೊಸೆಸರಿನ ಕೊರತೆಯಿಲ್ಲ. ಸರಾಸರಿಯ ಜೊತೆಗೆ ಒಂದು ಪ್ರತಿಶತ ಕನಿಷ್ಠ ಫ್ರೇಮ್ ದರವನ್ನೂ (ಅತಿ ನಿಧಾನವಾದ ಒಂದು ಪ್ರತಿಶತ ಫ್ರೇಮುಗಳ ದರ) ದಾಖಲಿಸಿಕೊಳ್ಳಿ. ಸರಾಸರಿ 90 ಇದ್ದು ಕನಿಷ್ಠ 35 ಇರುವ ಆಟ ಕೈಗೆ ಮುಗ್ಗರಿಸಿದಂತೆಯೇ ಭಾಸವಾಗುತ್ತದೆ, ಮತ್ತು ಇಂಥ ಮುಗ್ಗರಿಕೆಗೆ ಪ್ರೊಸೆಸರ್ ಕಾರಣವಾಗುವುದು ಹೆಚ್ಚು.

ಇಲ್ಲಿ ಆಗುವ ದೊಡ್ಡ ತಪ್ಪೆಂದರೆ ಪ್ರೊಸೆಸರಿನ ಒಟ್ಟು ಬಳಕೆ 40 ಪ್ರತಿಶತ ಇರುವುದನ್ನು ಕಂಡು, ಅದು ಆರಾಮಾಗಿದೆ ಎಂದು ತೀರ್ಮಾನಿಸುವುದು. ಬಹುತೇಕ ಆಟಗಳಲ್ಲಿ ಒಂದೆರಡು ಮುಖ್ಯ ಥ್ರೆಡ್‌ಗಳ (ಪ್ರೊಸೆಸರ್ ಏಕಕಾಲಕ್ಕೆ ನಡೆಸುವ ಕೆಲಸದ ಎಳೆಗಳ) ಮೇಲೆಯೇ ಭಾರ ಬೀಳುತ್ತದೆ. ಹನ್ನೆರಡು ಥ್ರೆಡ್ಡಿನ ಪ್ರೊಸೆಸರಿನಲ್ಲಿ ಒಂದೇ ಒಂದು ಥ್ರೆಡ್ ಪೂರ್ತಿ ದಣಿದಿದ್ದರೂ ಒಟ್ಟು ಬಳಕೆಗೆ ಅದು ಸೇರಿಸುವುದು ಸುಮಾರು 8 ಪ್ರತಿಶತ ಮಾತ್ರ. ಆದ್ದರಿಂದ ಒಟ್ಟು ಬಳಕೆಯನ್ನು ನಂಬಬೇಡಿ. ಕಾರ್ಡಿನ ಬಳಕೆಯೇ ಹೆಚ್ಚು ನಂಬಲರ್ಹವಾದ ಸೂಚಕ. ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್‌ನಂಥ ಅಪ್‌ಸ್ಕೇಲಿಂಗ್ (ಚಿಕ್ಕ ಚಿತ್ರ ರಚಿಸಿ ದೊಡ್ಡದಾಗಿಸಿ ಕಾರ್ಡಿನ ಭಾರ ಇಳಿಸುವುದು) ಹಾಕಿದರೂ ಫ್ರೇಮ್ ದರ ಏರದಿದ್ದರೆ ಅದು ಕೂಡ ಪ್ರೊಸೆಸರ್ ಮಿತಿಯದೇ ಲಕ್ಷಣ.

ಹಂತ 2: ಖರ್ಚಿಲ್ಲದ ದುರಸ್ತಿಗಳನ್ನು ಮೊದಲು ಮುಗಿಸಿ

ಸಿಪಿಯು-ಝಡ್ ತೆರೆದು ರ‍್ಯಾಮಿನ ಪುಟವನ್ನು ನೋಡಿ. ಒಂದೇ ರ‍್ಯಾಮ್ ಕಡ್ಡಿ ಇದ್ದರೆ ಅದು ಸಿಂಗಲ್ ಚಾನೆಲ್ಲಿನಲ್ಲಿ ನಡೆಯುತ್ತದೆ, ಪ್ರೊಸೆಸರಿಗೆ ಮಾಹಿತಿ ತಲುಪುವ ದಾರಿ ಅರ್ಧಕ್ಕೆ ಕುಗ್ಗುತ್ತದೆ. ಎರಡು ಕಡ್ಡಿಗಳಿದ್ದು, ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಅವನ್ನು ಪಕ್ಕಪಕ್ಕದಲ್ಲಿ ಸಿಕ್ಕಿಸಿದ್ದರೂ ಹಾಗೆಯೇ ಆಗಬಹುದು. ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿದಾಗ ಎರಡನೆಯ ಮತ್ತು ನಾಲ್ಕನೆಯ ಸ್ಲಾಟುಗಳನ್ನು ಬಳಸಬೇಕು. 3200ರ ವೇಗದ್ದೆಂದು ಕೊಂಡ ಡಿಡಿಆರ್4 ರ‍್ಯಾಮ್, ಬಯಾಸಿನಲ್ಲಿ (ಬೋರ್ಡಿನ ಮೂಲ ತಂತ್ರಾಂಶ) ಎಕ್ಸ್‌ಎಂಪಿ ಅಥವಾ ಡಿಒಸಿಪಿ ಪ್ರೊಫೈಲ್ (ರ‍್ಯಾಮನ್ನು ಅದರ ಘೋಷಿತ ವೇಗಕ್ಕೆ ಏರಿಸುವ ಸೆಟ್ಟಿಂಗ್) ಚಾಲೂ ಮಾಡದಿದ್ದರೆ 2133 ಅಥವಾ 2400ರಲ್ಲೇ ಓಡುತ್ತಿರಬಹುದು. ಸಿಪಿಯು-ಝಡ್ ತೋರಿಸುವ ಅಂಕಿ ಇದರ ಅರ್ಧವಾಗಿರುತ್ತದೆ ಎಂಬುದು ನೆನಪಿರಲಿ, 1600 ಎಂದು ಕಂಡರೆ ಅದು 3200.

ಅನಂತರ ತಾಪಮಾನ. ಆಟದ ಮಧ್ಯೆ ಪ್ರೊಸೆಸರ್ ತನ್ನ ಗರಿಷ್ಠ ತಾಪಕ್ಕೆ ತಲುಪಿ ಗಡಿಯಾರದ ವೇಗವನ್ನು ತಾನೇ ಇಳಿಸಿಕೊಳ್ಳುತ್ತಿದ್ದರೆ ಕೂಲರಿನ ಧೂಳು ತೆಗೆದು ಪೇಸ್ಟ್ ಹೊಸದಾಗಿ ಹಚ್ಚುವುದರಿಂದಲೇ ಕಳೆದುಹೋದ ವೇಗ ಮರಳಬಹುದು. ಆಟದೊಳಗೂ ಇಳಿಸಿ ನೋಡಬಹುದಾದ ಕೆಲವು ಸೆಟ್ಟಿಂಗ್‌ಗಳಿವೆ. ಜನಸಂದಣಿಯ ಸಾಂದ್ರತೆ, ವಸ್ತುಗಳು ಕಾಣುವ ದೂರ, ರೇ ಟ್ರೇಸಿಂಗ್ (ಬೆಳಕಿನ ಹಾದಿಯನ್ನು ಲೆಕ್ಕ ಹಾಕಿ ಚಿತ್ರಿಸುವುದು) ಇವು ಪ್ರೊಸೆಸರಿಗೆ ಭಾರವಾದ ಸೆಟ್ಟಿಂಗ್‌ಗಳು. ಟೆಕ್ಸ್ಚರ್ ಗುಣಮಟ್ಟವನ್ನು ಇಳಿಸುವುದರಿಂದ ಪ್ರೊಸೆಸರಿನ ಭಾರ ಇಳಿಯದು. ಇವೆಲ್ಲ ಮುಗಿದ ಮೇಲೆ ಮೊದಲ ಹಂತದ ಅಳತೆಯನ್ನು ಇನ್ನೊಮ್ಮೆ ಮಾಡಿ.

ಹಂತ 3: ಮದರ್‌ಬೋರ್ಡ್ ಯಾವುದನ್ನು ಒಪ್ಪುತ್ತದೆಯೆಂದು ತಿಳಿಯಿರಿ

ಬೋರ್ಡಿನ ಪೂರ್ತಿ ಹೆಸರು ಮತ್ತು ಬಯಾಸ್ ಆವೃತ್ತಿ ಸಿಪಿಯು-ಝಡ್‌ನಲ್ಲೇ ಸಿಗುತ್ತವೆ. ಹೆಸರಿನ ಕೊನೆಯಲ್ಲಿರುವ ಪರಿಷ್ಕರಣೆ ಸಂಖ್ಯೆ ಬೋರ್ಡಿನ ಮೇಲೆಯೇ ಮುದ್ರಿತವಾಗಿರುತ್ತದೆ, ಅದನ್ನೂ ಗಮನಿಸಿ. ತಯಾರಕರ ತಾಣದಲ್ಲಿ ಆ ಬೋರ್ಡಿನ ಪುಟಕ್ಕೆ ಹೋಗಿ ಬೆಂಬಲಿತ ಪ್ರೊಸೆಸರುಗಳ ಪಟ್ಟಿಯನ್ನು ತೆರೆಯಿರಿ. ಪಟ್ಟಿಯಲ್ಲಿ ಪ್ರತಿ ಪ್ರೊಸೆಸರಿನ ಎದುರಿಗೆ ಅದಕ್ಕೆ ಬೇಕಾದ ಕನಿಷ್ಠ ಬಯಾಸ್ ಆವೃತ್ತಿ ಬರೆದಿರುತ್ತದೆ. ಈ ಪಟ್ಟಿಯಲ್ಲಿಲ್ಲದ ಪ್ರೊಸೆಸರನ್ನು, ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಒಂದೇ ಎಂಬ ಕಾರಣಕ್ಕೆ ಕೊಳ್ಳಬೇಡಿ. ನನ್ನ ಮಟ್ಟಿಗೆ ಈ ಇಡೀ ಕೆಲಸದಲ್ಲಿ ಅತ್ಯಂತ ಮುಖ್ಯವಾದ ಪುಟ ಇದೇ.

ಸಾಕೆಟ್ ಒಂದೇ ಆದರೂ ಹೊಂದದ ಉದಾಹರಣೆಗಳು ಹಲವಿವೆ. ಇಂಟೆಲ್‌ನ ಎಲ್‌ಜಿಎ 1151 ಸಾಕೆಟ್ಟನ್ನು ಆರನೆಯದರಿಂದ ಒಂಬತ್ತನೆಯ ಪೀಳಿಗೆಯವರೆಗೆ ಬಳಸಲಾಯಿತು; ಆದರೆ ಎಂಟು ಮತ್ತು ಒಂಬತ್ತನೆಯ ಪೀಳಿಗೆಗೆ 300 ಸರಣಿಯ ಚಿಪ್‌ಸೆಟ್ (ಬೋರ್ಡಿನ ನಿಯಂತ್ರಕ ಚಿಪ್ಪು) ಬೇಕು, 100 ಮತ್ತು 200 ಸರಣಿಯ ಬೋರ್ಡುಗಳಲ್ಲಿ ಅವು ಅಧಿಕೃತವಾಗಿ ನಡೆಯವು. ಎಲ್‌ಜಿಎ 1200ರಲ್ಲಿ ಹತ್ತು ಮತ್ತು ಹನ್ನೊಂದನೆಯ ಪೀಳಿಗೆಗಳೆರಡೂ ಕೂರುತ್ತವಾದರೂ ಎಚ್410 ಮತ್ತು ಬಿ460 ಬೋರ್ಡುಗಳು ಸಾಮಾನ್ಯವಾಗಿ ಹನ್ನೊಂದನೆಯದನ್ನು ಒಪ್ಪುವುದಿಲ್ಲ. ಎಲ್‌ಜಿಎ 1700ರಲ್ಲಿ ಹನ್ನೆರಡು, ಹದಿಮೂರು, ಹದಿನಾಲ್ಕನೆಯ ಪೀಳಿಗೆಗಳು ನಡೆಯುತ್ತವೆ, ಆದರೆ 600 ಸರಣಿಯ ಹಳೆಯ ಬೋರ್ಡಿಗೆ ಮೊದಲು ಬಯಾಸ್ ನವೀಕರಣ ಬೇಕಾಗಬಹುದು.

ಎಎಂಡಿಯ ಎಎಂ4 ಸಾಕೆಟ್ ಮಿತವ್ಯಯದ ದೃಷ್ಟಿಯಿಂದ ಅತ್ಯಂತ ಅನುಕೂಲಕರ. 2017ರ ಮೊದಲ ರೈಜನ್ ಪ್ರೊಸೆಸರುಗಳೊಂದಿಗೆ ಬಂದ ಬಿ350, ಎಕ್ಸ್370 ಬೋರ್ಡುಗಳಲ್ಲಿ ಅನೇಕವು 2022ರಲ್ಲಿ ಬಂದ ಬಯಾಸ್ ನವೀಕರಣಗಳ ನಂತರ ರೈಜನ್ 5000 ಸರಣಿಯನ್ನೂ ಒಪ್ಪುತ್ತವೆ. ಅಂದರೆ ಬೋರ್ಡು, ರ‍್ಯಾಮ್ ಎರಡನ್ನೂ ಉಳಿಸಿಕೊಂಡು ಪ್ರೊಸೆಸರನ್ನು ಮಾತ್ರ ಬದಲಿಸಿ ಹಲವು ಪೀಳಿಗೆ ಮುಂದೆ ಹೋಗಬಹುದು. ಆದರೆ ಎ320ರಂಥ ಅಗ್ಗದ ಬೋರ್ಡುಗಳಲ್ಲಿ ಪ್ರೊಸೆಸರಿಗೆ ವಿದ್ಯುತ್ ಹದಗೊಳಿಸುವ ವಿಆರ್‌ಎಂ ಭಾಗ ಹಲವು ಬಾರಿ ದುರ್ಬಲವಾಗಿದ್ದು ಅದರ ಮೇಲೆ ಹೀಟ್‌ಸಿಂಕ್ ಕೂಡ ಇರುವುದಿಲ್ಲ. ಅಂಥಲ್ಲಿ 65 ವ್ಯಾಟಿನ ಮಾದರಿಗಳಿಗೆ ಸೀಮಿತವಾಗುವುದು ಕ್ಷೇಮ.

ಸಿದ್ಧಪಡಿಸಿದ ಸ್ಥಿತಿಯಲ್ಲಿ ಬ್ರ್ಯಾಂಡೆಡ್ ಕಂಪ್ಯೂಟರ್ ಕೊಂಡವರು ಇನ್ನೂ ಎಚ್ಚರಿಕೆಯಿಂದಿರಬೇಕು. ಅವುಗಳ ಬಯಾಸ್ ಆ ಮಾದರಿಯೊಂದಿಗೆ ಮಾರಿದ ಪ್ರೊಸೆಸರುಗಳನ್ನಷ್ಟೇ ಗುರುತಿಸುವಂತಿರಬಹುದು. ಅಂಥ ಯಂತ್ರಗಳಿಂದ ಬಿಚ್ಚಿ ಮಾರುವ ರೈಜನ್ ಪ್ರೊ ಚಿಪ್ಪುಗಳಲ್ಲಿ ಕೆಲವು ಆ ತಯಾರಕರ ಬೋರ್ಡಿಗೇ ಶಾಶ್ವತವಾಗಿ ಬೆಸೆದುಕೊಂಡಿರುತ್ತವೆ. ಬೇರೆ ಬೋರ್ಡಿನಲ್ಲಿ ಅವು ಏಳುವುದೇ ಇಲ್ಲ.

ಹಂತ 4: ಬೋರ್ಡು ಒಪ್ಪುವವುಗಳಲ್ಲಿ ಒಂದನ್ನು ಆರಿಸಿ

ಆಟಕ್ಕೆ ಪ್ರೊಸೆಸರ್ ಆರಿಸುವಾಗ ನೋಡಬೇಕಾದ ಕ್ರಮ ಹೀಗಿದೆ: ಮೊದಲು ಪೀಳಿಗೆ, ಅನಂತರ ಎಲ್3 ಕ್ಯಾಶ್ (ಪ್ರೊಸೆಸರಿನೊಳಗಿನ ಚಿಕ್ಕ, ವೇಗದ ಸ್ಮರಣೆ), ಅನಂತರ ಕೋರ್‌ಗಳ (ಲೆಕ್ಕ ಮಾಡುವ ಘಟಕಗಳ) ಸಂಖ್ಯೆ, ಕೊನೆಗೆ ಗಿಗಾಹರ್ಟ್ಸ್. ಕೊಳ್ಳುವವರಲ್ಲಿ ಹೆಚ್ಚಿನವರು ಇದನ್ನು ಹಿಂದುಮುಂದಾಗಿ ಓದುತ್ತಾರೆ. ರೈಜನ್ 7 5800ಎಕ್ಸ್ 4.7 ಗಿಗಾಹರ್ಟ್ಸ್‌ವರೆಗೆ ಏರುತ್ತದೆ, 5800ಎಕ್ಸ್3ಡಿ ಏರುವುದು 4.5ಕ್ಕೆ ಮಾತ್ರ, ಆದರೂ ಹೆಚ್ಚಿನ ಆಟಗಳಲ್ಲಿ ಎರಡನೆಯದೇ ಮುಂದೆ. ಮೊದಲನೆಯದರ ಎಲ್3 ಕ್ಯಾಶ್ 32 ಎಂಬಿ, ಎರಡನೆಯದರದ್ದು 96 ಎಂಬಿ. ಆಟಗಳು ಸಾವಿರಾರು ಸಣ್ಣ ವಸ್ತುಗಳ ಮಾಹಿತಿಯನ್ನು ಪ್ರತಿ ಫ್ರೇಮಿನಲ್ಲೂ ಕೇಳುತ್ತವೆ; ಕ್ಯಾಶ್ ಎಂಬುದು ಅಡುಗೆಯವನ ಕೈಯಳತೆಯ ಮಸಾಲೆ ಡಬ್ಬಿ, ರ‍್ಯಾಮ್ ಎಂಬುದು ಹಿತ್ತಿಲಿನ ಉಗ್ರಾಣ. ಬೇಕಾದದ್ದು ಕ್ಯಾಶಿನಲ್ಲೇ ಸಿಕ್ಕರೆ ಪ್ರೊಸೆಸರ್ ಕಾಯುವ ಹೊತ್ತು ತಗ್ಗುತ್ತದೆ.

ಇದೇ ಕಾರಣಕ್ಕೆ ಎಎಂ4ರಲ್ಲಿ ಹೆಸರುಗಳ ಬಲೆಯೊಂದಿದೆ. ರೈಜನ್ 5 5600ರಲ್ಲಿ 32 ಎಂಬಿ ಎಲ್3 ಇದೆ. ಹೆಸರಿನಲ್ಲಿ ತೀರ ಹತ್ತಿರವಿರುವ 5500 ಮತ್ತು 5600ಜಿಗಳಲ್ಲಿ ಇರುವುದು 16 ಎಂಬಿ. ಎಂಟು ಕೋರಿನ 5700ರಲ್ಲೂ 16 ಎಂಬಿಯೇ, 5700ಎಕ್ಸ್‌ನಲ್ಲಿ ಮಾತ್ರ 32. ಹೀಗಾಗಿ ಆಟದಲ್ಲಿ ಆರು ಕೋರಿನ 5600, ಎಂಟು ಕೋರಿನ 5700ಕ್ಕಿಂತ ಮುಂದಿರುವ ಸಂದರ್ಭಗಳೇ ಹೆಚ್ಚು. ಮೇಲೆ ಹೇಳಿದ 16 ಎಂಬಿಯ ಮೂರೂ ಮಾದರಿಗಳು ಪಿಸಿಐಇಯ (ಪ್ರೊಸೆಸರಿಗೂ ಕಾರ್ಡಿಗೂ ನಡುವಿನ ಮಾಹಿತಿ ದಾರಿ) 3.0 ಆವೃತ್ತಿಗೆ ಸೀಮಿತ ಎಂಬುದನ್ನೂ ಗಮನಿಸಿ. ಸಾಮಾನ್ಯ ಕಾರ್ಡುಗಳಿಗೆ ಇದು ಚಿಂತೆಯ ವಿಷಯವಲ್ಲ, ಆದರೆ ರೇಡಿಯಾನ್ ಆರ್‌ಎಕ್ಸ್ 6500 ಎಕ್ಸ್‌ಟಿಯಂತೆ ಆ ದಾರಿಯ ನಾಲ್ಕೇ ಲೇನ್ ಬಳಸುವ ಕಾರ್ಡಿದ್ದರೆ ಕಾರ್ಡಿನ ವೇಗವೇ ಕುಗ್ಗುತ್ತದೆ.

ಎಎಂ4 ಬೋರ್ಡ್ ಇರುವವರಿಗೆ ನನ್ನ ಶಿಫಾರಸು ಸರಳವಾಗಿದೆ. ಮಧ್ಯಮ ದರ್ಜೆಯ ಕಾರ್ಡಿದ್ದರೆ 5600. ಹೆಚ್ಚು ಹರ್ಟ್ಸಿನ ಮಾನಿಟರ್, ಬಲವಾದ ಕಾರ್ಡು, ತಕ್ಕ ಕೂಲರ್ ಮೂರೂ ಇದ್ದರೆ 5700ಎಕ್ಸ್3ಡಿ ಅಥವಾ 5800ಎಕ್ಸ್3ಡಿಯನ್ನು ನ್ಯಾಯವಾದ ಬೆಲೆಗೆ ಸಿಕ್ಕರೆ ಮಾತ್ರ ಕೊಳ್ಳಿ; ಇವುಗಳ ಬೆಲೆ ಹೊಸ ಬೋರ್ಡು, ರ‍್ಯಾಮ್, ಪ್ರೊಸೆಸರ್ ಮೂರರ ಒಟ್ಟು ಬೆಲೆಯ ಸಮೀಪಕ್ಕೆ ಬಂದರೆ ಬಿಟ್ಟುಬಿಡಿ. ಬರೀ ಆಟ ಆಡಲಷ್ಟೇ ಬಳಸುವ ಯಂತ್ರಕ್ಕೆ ಹನ್ನೆರಡು, ಹದಿನಾರು ಕೋರಿನ ಮಾದರಿಗಳು ಬೇಡವೇ ಬೇಡ.

ಎಲ್‌ಜಿಎ 1700 ಬೋರ್ಡಿನಲ್ಲಿ ನಾಲ್ಕು ಕೋರಿನ ಕೋರ್ ಐ3-12100ಎಫ್ ಇರುವವರಿಗೆ ಆರು ಕೋರಿನ ಐ5-12400ಎಫ್ ಸಹಜವಾದ ಮುಂದಿನ ಮೆಟ್ಟಿಲು. ಆದರೆ 12400ಎಫ್ ಈಗಾಗಲೇ ಇದ್ದು 13400ಎಫ್‌ಗೆ ಹೋಗುವುದರಿಂದ ಆಟದಲ್ಲಿ ಸಿಗುವ ಲಾಭ ಅಲ್ಪ, ಏಕೆಂದರೆ ಹೆಚ್ಚಾಗಿ ಸೇರುವುದು ನಾಲ್ಕು ಚಿಕ್ಕ ಕೋರ್‌ಗಳು. ಆರು ದೊಡ್ಡ ಕೋರ್‌ಗಳು ಹಾಗೆಯೇ ಉಳಿಯುತ್ತವೆ. ಹೆಸರಿನ ಕೊನೆಯ ಎಫ್ ಅಕ್ಷರಕ್ಕೆ ಒಳಗೊಂಡ ಗ್ರಾಫಿಕ್ಸ್ ಇಲ್ಲವೆಂದರ್ಥ. ಪ್ರತ್ಯೇಕ ಕಾರ್ಡ್ ಇರುವವರಿಗೆ ಅದರಿಂದ ನಷ್ಟವಿಲ್ಲ. ಕೆ ಅಕ್ಷರದ ಮಾದರಿಗಳನ್ನು ಓವರ್‌ಕ್ಲಾಕ್ ಮಾಡಲು (ನಿಗದಿತ ವೇಗಕ್ಕಿಂತ ಮೇಲೆ ಓಡಿಸಲು) ಝಡ್ ಸರಣಿಯ ಬೋರ್ಡು ಬೇಕಾದ್ದರಿಂದ ಬಿ ಮತ್ತು ಎಚ್ ಬೋರ್ಡಿನವರು ಆ ಸೌಲಭ್ಯಕ್ಕೆಂದು ಹೆಚ್ಚು ಹಣ ಕೊಡಬಾರದು.

ಕೊನೆಗೆ, ಕೋರ್‌ಗಳಾಗಲಿ ಕ್ಯಾಶ್ ಆಗಲಿ ಹೆಚ್ಚದೆ ಒಂದೇ ಪೀಳಿಗೆಯೊಳಗೆ ಒಂದು ಮೆಟ್ಟಿಲು ಮಾತ್ರ ಏರುವ ಬದಲಾವಣೆಗೆ ಹಣ ಹಾಕಬೇಡಿ. ಒಂದು ಪ್ರೊಸೆಸರನ್ನು ಆರಿಸಿದ ಮೇಲೆ ನಿಮ್ಮದೇ ಆಟದ ಸ್ವತಂತ್ರ ಪರೀಕ್ಷೆಗಳಲ್ಲಿ ಹಳೆಯದೂ ಹೊಸದೂ ಒಂದೇ ಪಟ್ಟಿಯಲ್ಲಿರುವುದನ್ನು ಹುಡುಕಿ ಹೋಲಿಸಿ. ಆ ಪರೀಕ್ಷೆಗಳನ್ನು ಅತಿ ದೊಡ್ಡ ಕಾರ್ಡಿನಲ್ಲಿ ಮಾಡಿರುತ್ತಾರೆ. ನಿಮ್ಮ ಕಾರ್ಡಿನ ಮಿತಿ 80 ಫ್ರೇಮ್ ಆಗಿದ್ದರೆ ಪಟ್ಟಿಯಲ್ಲಿ 140 ಎಂದು ಬರೆದಿರುವ ಪ್ರೊಸೆಸರೂ ನಿಮಗೆ ಕೊಡುವುದು 80 ಮಾತ್ರ.

ಹಂತ 5: ಕೂಲರ್ ಮತ್ತು ವಿದ್ಯುತ್

ಪೆಟ್ಟಿಗೆಯ ಮೇಲೆ ಬರೆದ ವ್ಯಾಟು ನಿಜವಾದ ಗರಿಷ್ಠವಲ್ಲ. 65 ವ್ಯಾಟಿನದೆನ್ನುವ 12400ಎಫ್ ಟರ್ಬೊದಲ್ಲಿ (ತಾನೇ ವೇಗ ಏರಿಸಿಕೊಂಡಾಗ) 117 ವ್ಯಾಟಿನವರೆಗೆ ಹೋಗಬಹುದು. 105 ವ್ಯಾಟಿನ ಎಎಂ4 ಮಾದರಿಗಳ ಸಾಕೆಟ್ ಮಿತಿ 142 ವ್ಯಾಟ್. 5800ಎಕ್ಸ್3ಡಿಯ ಪೆಟ್ಟಿಗೆಯಲ್ಲಿ ಕೂಲರ್ ಬರುವುದಿಲ್ಲ, ಅದರ ಖರ್ಚನ್ನು ಮೊದಲೇ ಲೆಕ್ಕಕ್ಕೆ ಸೇರಿಸಿ. ಪವರ್ ಸಪ್ಲೈ ಈಗಿನ ಕಾರ್ಡಿಗೆ ಸಾಕಾಗುತ್ತಿದ್ದರೆ 65 ವ್ಯಾಟಿನ ಮಾದರಿಗಾಗಿ ಅದನ್ನು ಬದಲಿಸಬೇಕಾಗುವುದು ಅಪರೂಪ.

ಹಂತ 6: ಬೋರ್ಡನ್ನೂ ಬದಲಿಸಬೇಕಾಗಿ ಬಂದರೆ

ಪಟ್ಟಿಯಲ್ಲಿ ಸಾಕಷ್ಟು ದೊಡ್ಡ ಜಿಗಿತ ಸಿಗದಿದ್ದರೆ ಮಾತ್ರ ಈ ಪ್ರಶ್ನೆ ಏಳುತ್ತದೆ. ಲೆಕ್ಕ ಹಾಕುವಾಗ ಪ್ರೊಸೆಸರ್, ಬೋರ್ಡ್, ರ‍್ಯಾಮ್, ಕೂಲರ್ ನಾಲ್ಕನ್ನೂ ಒಂದೇ ಮೊತ್ತವಾಗಿ ಕೂಡಿಸಿ, ಹಳೆಯವನ್ನು ಮಾರಿ ಬರುವುದನ್ನು ಕಳೆಯಿರಿ. ಎಎಂ5 ಬೋರ್ಡುಗಳಿಗೆ ಡಿಡಿಆರ್5 ರ‍್ಯಾಮ್ ಕಡ್ಡಾಯ. ಎಲ್‌ಜಿಎ 1700 ಬೋರ್ಡುಗಳಲ್ಲಿ ಕೆಲವು ಡಿಡಿಆರ್4ನವು, ಕೆಲವು ಡಿಡಿಆರ್5ನವು. ನಿಮ್ಮಲ್ಲಿ ಒಳ್ಳೆಯ ಡಿಡಿಆರ್4 ಇದ್ದರೆ ಅದನ್ನು ಉಳಿಸಿಕೊಳ್ಳಲು ಇದೊಂದು ದಾರಿ. ಮುಂದೆಯೂ ಪ್ರೊಸೆಸರ್ ಮಾತ್ರ ಬದಲಿಸುವ ಅವಕಾಶ ಬೇಕೆನ್ನುವವರಿಗೆ ಎಎಂ5 ಉತ್ತಮ, ಏಕೆಂದರೆ 2027 ಮತ್ತು ಅದರಾಚೆಗೂ ಅದನ್ನು ಬೆಂಬಲಿಸುವುದಾಗಿ ಎಎಂಡಿ ಹೇಳಿದೆ.

ಹಂತ 7: ಬಳಸಿದ ಪ್ರೊಸೆಸರ್ ಕೊಳ್ಳುವಾಗ

ಮಿತವ್ಯಯಕ್ಕೆ ಬಳಸಿದ ಪ್ರೊಸೆಸರ್ ಒಳ್ಳೆಯ ದಾರಿ. ಸರಿಯಾಗಿ ಬಳಸಿದ ಚಿಪ್ಪು ಬೇಗ ಸವೆಯುವ ವಸ್ತುವಲ್ಲ. ಎಎಂ4 ಚಿಪ್ಪಿನ ಪಿನ್ನುಗಳು ಚಿಪ್ಪಿನಲ್ಲೇ ಇರುವುದರಿಂದ ಓರೆಯಾಗಿ ಹಿಡಿದು ಸಾಲುಗಳು ನೇರವಾಗಿವೆಯೇ ನೋಡಿ. ಒಂದು ಪಿನ್ನು ಕಾಣೆಯಾಗಿದ್ದರೂ ಬೇಡ. ಲೋಹದ ಮುಚ್ಚಳದ ಮೇಲಿನ ಮಾದರಿಯ ಹೆಸರನ್ನು, ಚಾಲನೆಯಲ್ಲಿರುವಾಗ ಸಿಪಿಯು-ಝಡ್ ತೋರಿಸುವ ಹೆಸರಿನೊಂದಿಗೆ ತಾಳೆ ನೋಡಲು ಮಾರುವವರು ಒಪ್ಪಬೇಕು. ಇಂಟೆಲ್‌ನ ಹದಿಮೂರು ಮತ್ತು ಹದಿನಾಲ್ಕನೆಯ ಪೀಳಿಗೆಯ ಹೆಚ್ಚು ಶಕ್ತಿಯ ಡೆಸ್ಕ್‌ಟಾಪ್ ಮಾದರಿಗಳಲ್ಲಿ ಅತಿಯಾದ ವೋಲ್ಟೇಜಿನಿಂದ ಅಸ್ಥಿರತೆ ಉಂಟಾಗುವುದನ್ನು ಕಂಪನಿ 2024ರಲ್ಲಿ ದೃಢಪಡಿಸಿ, ಬಯಾಸ್ ಮೂಲಕ ಮೈಕ್ರೋಕೋಡ್ (ಪ್ರೊಸೆಸರಿನ ಒಳಸೂಚನೆಗಳ) ಪರಿಹಾರ ನೀಡಿತು. ಆಗಲೇ ಹಾನಿಗೊಂಡ ಚಿಪ್ಪನ್ನು ಆ ಪರಿಹಾರ ಗುಣಪಡಿಸದು. ಆದ್ದರಿಂದ ಅವನ್ನು ವಾರಂಟಿ ಉಳಿದಿದ್ದರೆ ಮಾತ್ರ ಕೊಳ್ಳಿ.

ಹಂತ 8: ಹಳೆಯದನ್ನು ಬಿಚ್ಚುವ ಮುನ್ನ

ಬಯಾಸ್ ನವೀಕರಣವನ್ನು ಹಳೆಯ ಪ್ರೊಸೆಸರ್ ಇನ್ನೂ ಸಾಕೆಟ್ಟಿನಲ್ಲಿರುವಾಗಲೇ ಮುಗಿಸಿ. ಹೊಸದನ್ನು ಕೂರಿಸಿದ ಮೇಲೆ ನೆನಪಾದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಬಯಾಸ್ ಫ್ಲ್ಯಾಶ್‌ಬ್ಯಾಕ್ ಗುಂಡಿಯಿರುವ ಬೋರ್ಡಿನವರು ಮಾತ್ರ ಪ್ರೊಸೆಸರ್ ಇಲ್ಲದೆಯೂ ನವೀಕರಿಸಬಲ್ಲರು. ಪೆನ್‌ಡ್ರೈವನ್ನು ಫ್ಯಾಟ್32 ರೂಪದಲ್ಲಿ ಸಿದ್ಧಪಡಿಸಿ, ತಯಾರಕರ ಪುಟದ ಟಿಪ್ಪಣಿಗಳನ್ನು ಓದಿ, ಮಧ್ಯಂತರ ಆವೃತ್ತಿಯೊಂದನ್ನು ಮೊದಲು ಹಾಕಬೇಕೆಂದಿದ್ದರೆ ಅದನ್ನು ಬಿಡದೆ ಹಾಕಿ. ನವೀಕರಣದ ನಡುವೆ ವಿದ್ಯುತ್ ಹೋದರೆ ಬೋರ್ಡೇ ಕೆಡಬಹುದಾದ್ದರಿಂದ ಯುಪಿಎಸ್ ಇದ್ದರೆ ಬಳಸಿ.

ಡ್ರೈವಿನ ಮಾಹಿತಿಗೆ ಬೀಗ ಹಾಕುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಚಾಲ್ತಿಯಲ್ಲಿದೆಯೇ ಎಂದು ಪರಿಶೀಲಿಸಿ, ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡಿ, ಅದನ್ನು ತಾತ್ಕಾಲಿಕವಾಗಿ ತಡೆಹಿಡಿಯಿರಿ. ಪ್ರೊಸೆಸರಿನೊಳಗಿನ ಟಿಪಿಎಂ (ಬೀಗದ ಕೀಗಳನ್ನು ಕಾಯುವ ಭದ್ರತಾ ಭಾಗ) ಬದಲಾದಾಗ ವಿಂಡೋಸ್ ಆ ಕೀ ಕೇಳುತ್ತದೆ, ಕೀ ಇಲ್ಲದಿದ್ದರೆ ಡ್ರೈವಿನ ಮಾಹಿತಿ ಮರಳಿ ಸಿಗದು. ಈ ಒಂದು ಸಾಲನ್ನು ದಯವಿಟ್ಟು ಉಪೇಕ್ಷಿಸಬೇಡಿ. ಉಳಿದ ತಪ್ಪುಗಳನ್ನು ಹಣದಿಂದಲಾದರೂ ಸರಿಪಡಿಸಬಹುದು.

ಹಂತ 9: ಅಳವಡಿಕೆ

ಎಎಂ4 ಕೂಲರ್ ತೆಗೆಯುವ ಮುನ್ನ ಹತ್ತು ನಿಮಿಷ ಆಟ ನಡೆಸಿ ಪೇಸ್ಟನ್ನು ಬೆಚ್ಚಗಾಗಿಸಿ, ಕಂಪ್ಯೂಟರ್ ಆಫ್ ಮಾಡಿ, ವಿದ್ಯುತ್ ತಂತಿಯನ್ನು ಕಳಚಿ. ಕೂಲರನ್ನು ನೇರವಾಗಿ ಮೇಲಕ್ಕೆ ಎಳೆಯದೆ ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಗಿಸುತ್ತ ಬಿಡಿಸಿ. ಗಟ್ಟಿಯಾದ ಪೇಸ್ಟಿಗೆ ಅಂಟಿಕೊಂಡ ಪ್ರೊಸೆಸರ್ ಬೀಗ ಹಾಕಿದ ಸಾಕೆಟ್ಟಿನಿಂದಲೂ ಕಿತ್ತು ಬರುತ್ತದೆ, ಪಿನ್ನುಗಳು ಬಾಗುವುದು ಆಗಲೇ. ಇಂಟೆಲ್ ಮತ್ತು ಎಎಂ5 ಬೋರ್ಡುಗಳಲ್ಲಿ ಪಿನ್ನುಗಳಿರುವುದು ಸಾಕೆಟ್ಟಿನಲ್ಲಿ, ಅಲ್ಲಿಗೆ ಬೆರಳನ್ನಾಗಲಿ ಬಟ್ಟೆಯನ್ನಾಗಲಿ ತಾಗಿಸಬೇಡಿ.

ಕೈಯಿಂದ ಲೋಹದ ಕ್ಯಾಬಿನೆಟ್ಟನ್ನು ಮುಟ್ಟಿ ಸ್ಥಿರ ವಿದ್ಯುತ್ತನ್ನು ಇಳಿಸಿ, ಮೂಲೆಯ ತ್ರಿಕೋನ ಗುರುತುಗಳನ್ನು ಹೊಂದಿಸಿ, ಪ್ರೊಸೆಸರನ್ನು ಸಾಕೆಟ್ಟಿನ ಮೇಲಿಡಿ. ಎಎಂ4ರಲ್ಲಿ ಅದು ತನ್ನ ಭಾರಕ್ಕೇ ಕೂರಬೇಕು. ಒತ್ತಬೇಕೆನಿಸಿದರೆ ದಿಕ್ಕು ತಪ್ಪಿದೆ ಅಥವಾ ಪಿನ್ನು ಬಾಗಿದೆ. ಬಟಾಣಿಯಷ್ಟು ಪೇಸ್ಟ್ ಹಾಕಿ, ಕೂಲರಿನ ಕೆಳಗಿನ ಪ್ಲಾಸ್ಟಿಕ್ ಹಾಳೆಯನ್ನು ತೆಗೆದಿದ್ದೀರೆಂದು ಖಚಿತಪಡಿಸಿಕೊಂಡು, ಕೂಲರಿನ ಸ್ಕ್ರೂಗಳನ್ನು ಕರ್ಣರೇಖೆಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಗೊಳಿಸಿ, ಫ್ಯಾನ್ ತಂತಿಯನ್ನು ಬೋರ್ಡಿನ ಸಿಪಿಯು ಫ್ಯಾನ್ ಜಾಗಕ್ಕೆ ಸೇರಿಸಿ.

ಹಂತ 10: ಮೊದಲ ಚಾಲನೆ ಮತ್ತು ಎಚ್ಚರಿಕೆಯ ಸೂಚನೆಗಳು

ಮೊದಲ ಬಾರಿ ಪರದೆ ಬರಲು ತಡವಾದರೆ ಗಾಬರಿಯಿಂದ ಗುಂಡಿ ಒತ್ತಬೇಡಿ. ರ‍್ಯಾಮ್ ಹೊಂದಾಣಿಕೆಗೆ, ಅದರಲ್ಲೂ ಡಿಡಿಆರ್5 ಬೋರ್ಡಿನಲ್ಲಿ, ಕೆಲವು ನಿಮಿಷಗಳೇ ಹಿಡಿಯಬಹುದು. ಎಎಂಡಿ ಬೋರ್ಡಿನಲ್ಲಿ ಹೊಸ ಟಿಪಿಎಂ ಬಗ್ಗೆ ಪ್ರಶ್ನೆ ಕಾಣಿಸಿಕೊಂಡರೆ, ರಿಕವರಿ ಕೀ ಕೈಯಲ್ಲಿದೆಯೆಂದು ನೋಡಿಕೊಂಡೇ ಮರುಹೊಂದಿಕೆಗೆ ಒಪ್ಪಿಗೆ ಕೊಡಿ. ಅನಂತರ ಬಯಾಸಿಗೆ ಹೋಗಿ ರ‍್ಯಾಮ್ ಪ್ರೊಫೈಲನ್ನು ಮತ್ತೆ ಚಾಲೂ ಮಾಡಿ, ಏಕೆಂದರೆ ನವೀಕರಣ ಅದನ್ನು ಅಳಿಸಿರುತ್ತದೆ. ಟಿಪಿಎಂ ಮತ್ತು ಸೆಕ್ಯೂರ್ ಬೂಟ್ (ಆರಂಭದಲ್ಲಿ ನಂಬಲರ್ಹ ತಂತ್ರಾಂಶವನ್ನಷ್ಟೇ ಬಿಡುವ ಸೆಟ್ಟಿಂಗ್) ಕೂಡ ಆರಿರಬಹುದು. ವಿಂಡೋಸ್ 11ರಲ್ಲಿ ವ್ಯಾಲರಂಟ್‌ನಂಥ ಆಟ ಇವೆರಡಿಲ್ಲದೆ ತೆರೆಯುವುದಿಲ್ಲ. ಚಿಪ್‌ಸೆಟ್ ಡ್ರೈವರನ್ನು ಹೊಸದಾಗಿ ಹಾಕಿ. ಬೋರ್ಡು ಬದಲಾಗದಿದ್ದರೆ ವಿಂಡೋಸನ್ನು ಮರುಸ್ಥಾಪಿಸುವ ಅಗತ್ಯ ಸಾಮಾನ್ಯವಾಗಿ ಇಲ್ಲ.

ಏನೂ ಮಾಡದಿರುವಾಗಲೂ ತಾಪ 70 ಡಿಗ್ರಿ ದಾಟಿದರೆ ಕೂಲರ್ ಸರಿಯಾಗಿ ಕೂತಿಲ್ಲ. ಕೊಂಡ ರ‍್ಯಾಮಿನ ಅರ್ಧ ಮಾತ್ರ ಕಾಣಿಸಿದರೆ ಕೂಲರಿನ ಬಿಗಿತ ಒಂದು ಬದಿಗೆ ಹೆಚ್ಚಾಗಿದೆ ಅಥವಾ ಪಿನ್ನೊಂದು ತಾಗುತ್ತಿಲ್ಲ. ಭಾರದ ನಡುವೆ ಕಂಪ್ಯೂಟರ್ ತಾನಾಗಿ ಆರಿ ಹೊತ್ತಿಕೊಂಡರೆ ವಿಆರ್‌ಎಂ ಅಥವಾ ಪವರ್ ಸಪ್ಲೈ ಕಡೆ ನೋಡಿ, ಮತ್ತು ಕಾರಣ ತಿಳಿಯುವವರೆಗೆ ಆಟ ನಿಲ್ಲಿಸಿ.

ಎಲ್ಲ ಸರಿಯಿದ್ದರೆ ಮೊದಲ ಹಂತದಲ್ಲಿ ನಿಂತ ಅದೇ ಸ್ಥಳದಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ, ಅದೇ 720ಪಿಯಲ್ಲಿ ಮತ್ತೊಮ್ಮೆ ಅಳೆಯಿರಿ. ಸರಾಸರಿಗಿಂತ ಮುಖ್ಯವಾಗಿ ಒಂದು ಪ್ರತಿಶತ ಕನಿಷ್ಠ ಏರಿರಬೇಕು. ಏರಿಲ್ಲವಾದರೆ ರ‍್ಯಾಮ್ ವೇಗ, ಪ್ರೊಸೆಸರಿನ ತಾಪ, ವಿಂಡೋಸಿನ ಪವರ್ ಯೋಜನೆ ಇವನ್ನು ಇದೇ ಕ್ರಮದಲ್ಲಿ ಪರಿಶೀಲಿಸಿ. ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಈ ಅಳತೆ ಮುಗಿದಿರಲಿ, ಮತ್ತು ಅಲ್ಲಿಯವರೆಗೆ ಹಳೆಯ ಪ್ರೊಸೆಸರನ್ನು ಮಾರಬೇಡಿ.